ಖಾಲಿ ಕೊಟ್ಟಿಗೆಯ ಹಸು

ನಮ್ಮ ಹುಲೇಕಲ್ ಕಡೆ ಅಡಿಕೆ ತೋಟ ಇದ್ದವರಿಗೆಲ್ಲ ಎರಡು ಮಾತು ಬಾಯಿಪಾಠ. ಒಂದು, ತೋಟ ಇದ್ದವರಿಗೆ ಮಾತ್ರ ಸೊಪ್ಪಿನಬೆಟ್ಟ. ಎರಡು, ಎಕರೆ ತೋಟಕ್ಕೆ ಹೆಚ್ಚೆಂದರೆ 9 ಎಕರೆ ಬೆಟ್ಟ. ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಬ್ರಿಟಿಷರ ಕಾಲದಿಂದ ನಡೆದು ಬಂದ ಪದ್ಧತಿ ಇದು. ಬೆಟ್ಟದ ನೆಲ ಸರ್ಕಾರದ್ದು, ಅಲ್ಲಿಂದ ಸೊಪ್ಪು, ದರಕು ತರುವ ಹಕ್ಕು ತೋಟದ್ದು.

ಕೇಳೋಕೆ ಎರಡೂ ಒಂದೇ ಜಾತಿಯ ಮಾತು ಅನ್ನಿಸುತ್ತದೆ. ಆದರೆ ಸ್ವಲ್ಪ ನಿಧಾನಕ್ಕೆ ನೋಡಿ. ಮೊದಲನೆಯದು ಬೆಟ್ಟದ ಪ್ರಶ್ನೆ ಏಳಬೇಕೋ ಬೇಡವೋ ಅನ್ನೋದನ್ನೇ ತೀರ್ಮಾನ ಮಾಡುತ್ತದೆ. ತೋಟವೇ ಇಲ್ಲದವನ ಹತ್ತಿರ ಹೋಗಿ "ನಿನ್ನ ಬೆಟ್ಟ ಎಷ್ಟು ಎಕರೆ?" ಅಂತ ಕೇಳೋದರಲ್ಲಿ ಅರ್ಥವಿಲ್ಲ. ಎರಡನೆಯದು ಹಾಗಲ್ಲ. ಪ್ರಶ್ನೆ ಎದ್ದ ಮೇಲೆ ಉತ್ತರ ಸರಿಯೋ ತಪ್ಪೋ ಅಂತ ಅಳೆಯುತ್ತದೆ. ಇನ್ನೂ ಕೆದಕಿದರೆ ಇನ್ನಷ್ಟು ಪ್ರಶ್ನೆಗಳು. ತೋಟದ ಎಕರೆ ಎಷ್ಟು ಅಂತ ಯಾವ ಪುಸ್ತಕದಲ್ಲಿ ನೋಡಬೇಕು, ಪಹಣಿಯಲ್ಲೋ ಅಥವಾ ನೆಲದ ಮೇಲೆ ಹಗ್ಗ ಹಿಡಿದೋ? ಯಾವ ದಿನದ ಲೆಕ್ಕ? ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುತ್ತಿರುವಾಗ, ಅರ್ಧ ಕಾಗದ ಆಗಿ ಅರ್ಧ ಆಗದೇ ಇರುವಾಗ ಅಳೆದರೆ ಏನು ಗತಿ?

ನಾನು ಹೊಟ್ಟೆಪಾಡಿಗೆ ಬೆಂಗಳೂರಿನಲ್ಲಿ ರೌಟರು, ಸ್ವಿಚ್ಚುಗಳಿಗೆ ಸಾಫ್ಟ್‌ವೇರ್ ಬರೆಯುವವರ ಪೈಕಿ. ನಮ್ಮ ಕೆಲಸದಲ್ಲಿ ಒಂದು ಭಾಷೆ ಇದೆ, ಹೆಸರು ಯಾಂಗ್. ಅದರಲ್ಲಿ ಮೇಲಿನ ಎರಡು ಮಾತಿಗೂ ಒಂದೊಂದು ಪದ ಇದೆ. ಮೊದಲನೆಯದಕ್ಕೆ "ವೆನ್", ಎರಡನೆಯದಕ್ಕೆ "ಮಸ್ಟ್". ಕೆದಕಿದ ಮೇಲೆ ಎದ್ದ ಪ್ರಶ್ನೆಗಳಿವೆಯಲ್ಲ, ಯಾವ ಪುಸ್ತಕ, ಯಾವ ಹೊತ್ತು, ಇಲ್ಲದ್ದಕ್ಕೆ ಏನು ಲೆಕ್ಕ ಅನ್ನೋವು, ಅವಕ್ಕೆ ಉತ್ತರ ಬರೆಯೋದೇ ಈ ಭಾಷೆಯ ಚರಿತ್ರೆಯ ದೊಡ್ಡ ಪಾಲು. ಆ ಚರಿತ್ರೆ ಕನ್ನಡದಲ್ಲಿ ಹೇಳಿದವರು ಕಡಿಮೆ. ಹಾಗಾಗಿ ಈ ಲೇಖನ.

ಕಥೆ ಶುರುವಾಗೋದು ಜಾಲದ ಪೆಟ್ಟಿಗೆಗಳನ್ನು ದೂರದಿಂದ ನೋಡಿಕೊಳ್ಳೋದು ಹೇಗೆ ಅನ್ನುವ ತಲೆನೋವಿನಿಂದ. 1984ರಲ್ಲಿ ಶುರುವಾದ ಸಿ-ಡಾಟ್ ಸಂಸ್ಥೆ 1986ರ ಜುಲೈನಲ್ಲಿ ತನ್ನ ಮೊದಲ ಗ್ರಾಮೀಣ ಸ್ವಯಂಚಾಲಿತ ಎಕ್ಸ್‌ಚೇಂಜನ್ನು ಚಾಲೂ ಮಾಡಿದ್ದು ನಮ್ಮ ಕರ್ನಾಟಕದ ಕಿತ್ತೂರಿನಲ್ಲಿ. 128 ಪೋರ್ಟಿನ ಪುಟ್ಟ ಯಂತ್ರ. ಏಸಿ ಬೇಡ, ಧೂಳು ಸೆಖೆ ತಡೆಯುತ್ತದೆ, ಹಳ್ಳಿಗೆ ಹೇಳಿ ಮಾಡಿಸಿದ್ದು. ಇಂಥ ಯಂತ್ರಗಳು ಹತ್ತಾರು ಇದ್ದಾಗ ಜೀಪು ಹತ್ತಿ ಹೋಗಿ ರಿಪೇರಿ ಮಾಡಿ ಬರಬಹುದು. ಸಾವಿರಗಟ್ಟಲೆ ಆದಾಗ ಆಗೋದಿಲ್ಲ. ಕೂತಲ್ಲಿಂದಲೇ "ನಿನ್ನ ಆರೋಗ್ಯ ಹೇಗಿದೆ?" ಅಂತ ಪೆಟ್ಟಿಗೆಯನ್ನು ಕೇಳಬೇಕು, "ಇನ್ನು ಮೇಲೆ ಹೀಗೆ ನಡಕೋ" ಅಂತ ಹೇಳಬೇಕು.

ಇಂಟರ್ನೆಟ್ಟಿನ ಜಗತ್ತಿನಲ್ಲಿ ಇದಕ್ಕೆ ಬಂದ ಮೊದಲ ದೊಡ್ಡ ಉತ್ತರ ಎಸ್‌ಎನ್‌ಎಂಪಿ. ಅದರ ಮೊದಲ ಆರ್‌ಎಫ್‌ಸಿ 1988ರದ್ದು. ಆರ್‌ಎಫ್‌ಸಿ ಅಂದರೆ ಇಂಟರ್ನೆಟ್ಟಿನ ನಿಯಮ ಬರೆಯುವ ಐಇಟಿಎಫ್ ಸಂಸ್ಥೆಯ ದಸ್ತಾವೇಜು, ಒಂದೊಂದಕ್ಕೂ ಒಂದು ನಂಬರ್. ಪೆಟ್ಟಿಗೆಯೊಳಗೆ ಏನೇನು ಮಾಹಿತಿ ಇದೆ ಅಂತ ಪಟ್ಟಿ ಮಾಡಲು ಎಸ್‌ಎನ್‌ಎಂಪಿಗೆ ಎಸ್‌ಎಂಐ ಅನ್ನುವ ಭಾಷೆ ಇತ್ತು. ಇದು ಸಂಖ್ಯೆ, ಅದು ಅಕ್ಷರ, ಇದು 1ರಿಂದ 100ರೊಳಗೆ ಇರಬೇಕು ಅನ್ನುವಷ್ಟನ್ನು ಅದು ಯಂತ್ರಕ್ಕೆ ತಿಳಿಯೋ ಹಾಗೆ ಹೇಳುತ್ತಿತ್ತು. ಆದರೆ "ಇದಕ್ಕೆ ಬೆಲೆ ಕೊಟ್ಟಿದ್ದರೆ ಅದಕ್ಕೂ ಕೊಡಬೇಕು" ಎಂಬಂಥ, ಎರಡು ವಿಷಯಕ್ಕೆ ಗಂಟು ಹಾಕೋ ನಿಯಮವನ್ನು ಅಲ್ಲಿ ವಿವರಣೆಯ ಭಾಗದಲ್ಲಿ ಇಂಗ್ಲಿಷ್ ವಾಕ್ಯವಾಗಿ ಬರೆದಿಡುತ್ತಿದ್ದರು. ಓದಿದವರು ಅರ್ಥ ಮಾಡಿಕೊಂಡು ಕೋಡ್ ಬರೆಯಬೇಕು. ಒಬ್ಬೊಬ್ಬರಿಗೆ ಒಂದೊಂದು ಅರ್ಥ. ಯಕ್ಷಗಾನದ ಪದ್ಯ ಒಂದೇ ಆದರೂ ಅರ್ಥ ಹೇಳುವವರು ಬದಲಾದ ಹಾಗೆ ಪ್ರಸಂಗ ಬದಲಾಗುತ್ತದಲ್ಲ, ಹಾಗೆ. ರಂಗದ ಮೇಲೆ ಅದು ಸೊಗಸು, ರೌಟರಿನಲ್ಲಿ ಅಲ್ಲ.

2002ರ ಜೂನ್‌ನಲ್ಲಿ ಅಮೆರಿಕದ ವರ್ಜೀನಿಯಾದ ರೆಸ್ಟನ್ ಎಂಬಲ್ಲಿ ಮೂರು ದಿನದ ಒಂದು ಕಾರ್ಯಾಗಾರ ನಡೆಯಿತು. ಜಾಲ ನಡೆಸುವವರನ್ನೂ ನಿಯಮ ಬರೆಯುವವರನ್ನೂ ಎದುರುಬದುರು ಕೂರಿಸಿದ ಸಭೆ. ಅಲ್ಲಿನ ಮಾತುಕತೆಯ ವರದಿ 2003ರಲ್ಲಿ ಆರ್‌ಎಫ್‌ಸಿ 3535 ಆಗಿ ಬಂತು, ಬರೆದವರು ಯುರ್ಗೆನ್ ಶೋನ್‌ವೆಲ್ಡರ್. ಜಾಲ ನಡೆಸುವವರು ಹೇಳಿದ್ದು ನೇರ ಮಾತು: ನಾವು ಎಸ್‌ಎನ್‌ಎಂಪಿಯನ್ನು ನೋಡೋದಕ್ಕೆ ಬಳಸುತ್ತೇವೆ, ಬದಲಾಯಿಸೋದಕ್ಕೆ ಬಳಸೋದಿಲ್ಲ. ಬದಲಾಯಿಸಬೇಕಾದರೆ ಕಪ್ಪು ಪರದೆಯಲ್ಲಿ ಕಮಾಂಡ್ ಟೈಪ್ ಮಾಡುತ್ತೇವೆ. ಅವರು ಕೊಟ್ಟ ಬೇಡಿಕೆ ಪಟ್ಟಿಯಲ್ಲಿ ಒಂದು ಅಂಶ ಈ ಲೇಖನಕ್ಕೆ ಮುಖ್ಯ. ನಾವು ಪೆಟ್ಟಿಗೆಗೆ ಹೇಳಿದ ಮಾತು ಬೇರೆ, ಪೆಟ್ಟಿಗೆ ಈಗ ಇರುವ ಸ್ಥಿತಿ ಬೇರೆ, ಅದು ಎಣಿಸಿಟ್ಟ ಅಂಕಿ-ಅಂಶ ಬೇರೆ. ಈ ಮೂರನ್ನೂ ಸ್ಪಷ್ಟವಾಗಿ ಬೇರೆ ಮಾಡಿ ಇಡಿ ಅಂದರು. ಇದನ್ನು ನೆನಪಿಟ್ಟುಕೊಳ್ಳಿ, ಹದಿನೈದು ವರ್ಷ ಬಿಟ್ಟು ಮತ್ತೆ ಬರುತ್ತದೆ.

ಆ ಸಭೆಯ ಫಲವಾಗಿ ನೆಟ್‌ಕಾನ್ಫ್ ಹುಟ್ಟಿತು. 2006ರ ಡಿಸೆಂಬರ್‌ನಲ್ಲಿ ಆರ್‌ಎಫ್‌ಸಿ 4741. ಪೆಟ್ಟಿಗೆಗೆ ಕಾನ್ಫಿಗರೇಶನ್ ಕಳಿಸುವ ದಾರಿ ಸಿಕ್ಕಿತು, ಆದರೆ ಆ ಕಾನ್ಫಿಗರೇಶನ್ ಹೇಗಿರಬೇಕು ಎಂದು ಬರೆಯುವ ಭಾಷೆ ಇರಲಿಲ್ಲ. ರಸ್ತೆ ಆಯ್ತು, ಗಾಡಿ ಇಲ್ಲ ಅನ್ನೋ ಪರಿಸ್ಥಿತಿ. 2008ರಲ್ಲಿ ಅದಕ್ಕಾಗಿಯೇ ಒಂದು ಕಾರ್ಯತಂಡ ಶುರುವಾಗಿ, 2010ರ ಅಕ್ಟೋಬರ್‌ನಲ್ಲಿ ಆರ್‌ಎಫ್‌ಸಿ 6020 ಪ್ರಕಟವಾಯಿತು. ಅದೇ ಯಾಂಗ್ ಭಾಷೆಯ ಮೊದಲ ಆವೃತ್ತಿ. ಸಂಪಾದಕರು ಸ್ವೀಡನ್ನಿನ ಟೇಲ್-ಎಫ್ ಎಂಬ ಕಂಪನಿಯ ಮಾರ್ಟಿನ್ ಬ್ಯೋರ್ಕ್ಲುಂಡ್. ಆ ಕಂಪನಿಯನ್ನು 2014ರಲ್ಲಿ ಸಿಸ್ಕೊ ಕೊಂಡುಕೊಂಡಿತು.

ಯಾಂಗ್ ಬಂದಾಗ ಆದ ದೊಡ್ಡ ಬದಲಾವಣೆ ಅಂದರೆ, ವಿವರಣೆಯ ವಾಕ್ಯದಲ್ಲಿ ಅಡಗಿದ್ದ ನಿಯಮಗಳು ಯಂತ್ರಕ್ಕೆ ಓದಲು ಬರುವ ಜಾಗಕ್ಕೆ ಬಂದವು. "ಮಸ್ಟ್" ಪಕ್ಕದಲ್ಲಿ ಒಂದು ಷರತ್ತು ಬರೆದರೆ, ಅದು ಸುಳ್ಳಾದಾಗ ಪೆಟ್ಟಿಗೆ ಆ ಕಾನ್ಫಿಗರೇಶನ್ನನ್ನು ಒಪ್ಪಲೇಬಾರದು. "ವೆನ್" ಪಕ್ಕದಲ್ಲಿ ಬರೆದ ಷರತ್ತು ಸುಳ್ಳಾದರೆ ಆ ಮಾಹಿತಿಗೆ ಅಲ್ಲಿ ಜಾಗವೇ ಇಲ್ಲ. ಷರತ್ತು ಬರೆಯೋದಕ್ಕೆ ಹೊಸ ಭಾಷೆ ಕಟ್ಟದೆ, 1999ರಲ್ಲೇ ಇದ್ದ ಎಕ್ಸ್‌ಪಾತ್ 1.0 ಅನ್ನು ಎರವಲು ತಂದರು.

ಎರವಲು ತಂದ ಪಾತ್ರೆಯಲ್ಲಿ ಮೊದಲಿನವರ ಅಡುಗೆಯ ವಾಸನೆ ಇದ್ದೇ ಇರುತ್ತದೆ. ಎಕ್ಸ್‌ಪಾತ್ ಹುಟ್ಟಿದ್ದು ದಸ್ತಾವೇಜಿನಲ್ಲಿ ಇರುವುದನ್ನು ಹುಡುಕೋದಕ್ಕೆ. ಇಲ್ಲದ್ದರ ಬಗ್ಗೆ ಕೇಳಿದರೆ ಅದು ಕೊಡುವ ಉತ್ತರ ನಮ್ಮ ಮಾಮೂಲಿ ತರ್ಕಕ್ಕೆ ವಿಚಿತ್ರ ಅನ್ನಿಸುತ್ತದೆ. ಒಂದು ಉದಾಹರಣೆ ಕೊಡುತ್ತೇನೆ. ಕೊಟ್ಟಿಗೆಯಲ್ಲಿ ಒಂದು ಹಸು ಇದೆ ಅಂದುಕೊಳ್ಳಿ. "ಹಸುವಿನ ಬಣ್ಣ ಕಪ್ಪಲ್ಲ" ಅನ್ನೋದನ್ನ ಎರಡು ಥರ ಬರೆಯಬಹುದು. ಒಂದು, ಬಣ್ಣ ಮತ್ತು ಕಪ್ಪು ಇವುಗಳ ನಡುವೆ "ಸಮ ಅಲ್ಲ" ಎಂಬ ಚಿಹ್ನೆ ಹಾಕೋದು. ಎರಡು, "ಬಣ್ಣ ಸಮ ಕಪ್ಪು" ಅಂತ ಬರೆದು ಇಡೀ ಮಾತಿನ ಮುಂದೆ "ಸುಳ್ಳು" ಎಂದು ಹಾಕೋದು. ಒಂದೇ ಹಸು ಇದ್ದಾಗ ಎರಡಕ್ಕೂ ಒಂದೇ ಉತ್ತರ.

ಈಗ ಕೊಟ್ಟಿಗೆ ಖಾಲಿ ಮಾಡಿ. ಮೊದಲನೆಯ ಬರವಣಿಗೆಯನ್ನು ಎಕ್ಸ್‌ಪಾತ್ ಓದೋದು ಹೀಗೆ: "ಕಪ್ಪಲ್ಲದ ಹಸು ಒಂದಾದರೂ ಇದೆಯಾ?" ಹಸುವೇ ಇಲ್ಲ, ಹಾಗಾಗಿ ಇಲ್ಲ. ಎರಡನೆಯದನ್ನು ಓದೋದು: "ಕಪ್ಪು ಹಸು ಇದೆ ಅನ್ನೋದು ಸುಳ್ಳಾ?" ಹಸುವೇ ಇಲ್ಲ, ಹಾಗಾಗಿ ಹೌದು, ಸುಳ್ಳು. ಅಂದರೆ ಖಾಲಿ ಕೊಟ್ಟಿಗೆಗೆ ಮೊದಲ ನಿಯಮ ಫೇಲು, ಎರಡನೆಯ ನಿಯಮ ಪಾಸು. ಇನ್ನೊಂದು ತಮಾಷೆ, ಒಂದು ಕಪ್ಪು ಒಂದು ಬಿಳಿ ಎರಡು ಹಸು ಕಟ್ಟಿ ನೋಡಿ. ಮೊದಲನೆಯದು ಪಾಸು, ಎರಡನೆಯದು ಫೇಲು. ಬರೆದವರ ಮನಸ್ಸಿನಲ್ಲಿ ಇದ್ದದ್ದು ಒಂದೇ ನಿಯಮ. ಜಾಲದಲ್ಲಿ ಹಸುವಿನ ಬದಲು ಲಿಂಕು, ಬಣ್ಣದ ಬದಲು ಲಿಂಕಿನ ವಿಧ ಇರುತ್ತದೆ, ಅಷ್ಟೇ ವ್ಯತ್ಯಾಸ. ಯಾಂಗ್ ಬರೆಯುವವರು ಇದನ್ನು ತಿಳಿದಿರಲೇಬೇಕು.

ಇದು ಎಕ್ಸ್‌ಪಾತ್ ತಂದ ಗೊಂದಲ. ಇನ್ನು ಯಾಂಗಿನದೇ ಗೊಂದಲಗಳಿದ್ದವು. 6020 ಹೇಳಿದ್ದು ಹೀಗೆ: ದತ್ತಾಂಶದ ಮರದಲ್ಲಿ ಇರುವ ಪ್ರತಿಯೊಂದು ಗೆಣ್ಣಿಗೂ ಅದರ "ಮಸ್ಟ್" ಒಂದೊಂದು ಸಲ ಪರೀಕ್ಷೆಯಾಗಬೇಕು. ಬೆಲೆ ಕೊಡದೇ ಇದ್ದಾಗ ತಾನಾಗಿ ಹಿಡಿಯುವ ಪೂರ್ವನಿಯೋಜಿತ ಬೆಲೆ, ಅಂದರೆ ಡಿಫಾಲ್ಟ್ ಇರುವ ಎಲೆಗಳಿಗೂ ಪರೀಕ್ಷೆ ಆಗಬೇಕು. ಆದರೆ ಇಲ್ಲದೇ ಇರುವ, ಡಿಫಾಲ್ಟೂ ಇಲ್ಲದ ಗೆಣ್ಣಿನ ಮೇಲೆ ಬರೆದ "ಮಸ್ಟ್" ಪರೀಕ್ಷೆ ಆಗೋದಿಲ್ಲ. ಸರಿಯಾಗೇ ಇದೆ. ಇಲ್ಲದ ಹಸುವಿನ ಹಾಲು ಅಳೆಯೋದಕ್ಕೆ ಆಗುತ್ತಾ? ಆದರೆ ಇದರಿಂದ ಹೊಸಬರಿಗೆ ಒಂದು ಗುಂಡಿ. "ಈ ಎಲೆಗೆ ಬೆಲೆ ಕೊಟ್ಟಿರಲೇಬೇಕು" ಎಂಬ ನಿಯಮವನ್ನು ಅದೇ ಎಲೆಯ ಮೇಲೆ ಬರೆದರೆ ಅದು ಎಂದಿಗೂ ಕಚ್ಚದ ನಾಯಿ. ಎಲೆ ಇಲ್ಲದಾಗ ಪರೀಕ್ಷೆಯೇ ನಡೆಯೋದಿಲ್ಲ, ಇದ್ದಾಗ ನಿಯಮ ನಿಜವೇ ಆಗಿರುತ್ತದೆ. ಅಂಥ ನಿಯಮವನ್ನು ಅದರ ತಾಯಿ ಗೆಣ್ಣಿನ ಮೇಲೆ ಬರೆಯಬೇಕು, ಇಲ್ಲವೇ ಎಲೆಯನ್ನು ಕಡ್ಡಾಯ ಎಂದು ಗುರುತಿಸಬೇಕು.

ಹಾಗಾದರೆ "ಇದೆ" ಅಂದರೆ ಏನು? ಜಗಳ ಇದ್ದದ್ದು ಅಲ್ಲಿ. ಯಾಂಗಿನಲ್ಲಿ ಕಂಟೇನರ್ ಎನ್ನುವ ಗೆಣ್ಣು ಇದೆ, ಹತ್ತು ಮಾಹಿತಿಯನ್ನು ಒಟ್ಟಿಗೆ ಇಡುವ ಬುಟ್ಟಿ. ಅದರಲ್ಲಿ ಎರಡು ಜಾತಿ. ಒಂದು ಜಾತಿಯ ಬುಟ್ಟಿ ಇದ್ದರೇ ಅದಕ್ಕೊಂದು ಅರ್ಥ. ಇನ್ನೊಂದು ಜಾತಿಯದ್ದು ಬರೀ ಜೋಡಿಸಿಡೋದಕ್ಕೆ, ಬುಟ್ಟಿಗೆ ಸ್ವಂತ ಅರ್ಥ ಏನೂ ಇಲ್ಲ. ಈ ಎರಡನೇ ಜಾತಿಯ ಬುಟ್ಟಿಯೊಳಗಿನ ಕೊನೆಯ ವಸ್ತು ತೆಗೆದ ಮೇಲೆ ಖಾಲಿ ಬುಟ್ಟಿಯನ್ನು ಪೆಟ್ಟಿಗೆ ಬಿಸಾಡಬಹುದು ಎಂದು 6020 ಹೇಳಿತ್ತು. ಬಿಸಾಡಲೇಬೇಕು ಅಂತಲ್ಲ, ಬಿಸಾಡಬಹುದು ಅಂತ. ಅರ್ಥವಿಲ್ಲದ ಖಾಲಿ ಬುಟ್ಟಿ ಇದ್ದರೇನು, ಹೋದರೇನು?

ಆ ಬುಟ್ಟಿಯ ಮೇಲೆ ಒಂದು "ಮಸ್ಟ್" ಬರೆದಾಗ ಗೊತ್ತಾಗುತ್ತದೆ, ಹೋದರೇನು ಅಂತ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಡೆ ಇದನ್ನು ಕಣ್ಣಾರೆ ಕಂಡೆ. ಎರಡು ಬೇರೆ ಬೇರೆ ತಯಾರಕರ ಪೆಟ್ಟಿಗೆಗಳು, ಒಂದೇ ಯಾಂಗ್ ಮಾದರಿ, ಒಂದೇ ಕಾನ್ಫಿಗರೇಶನ್ ಫೈಲು. ಮಾದರಿಯಲ್ಲಿ ಬದಲಿ ಲಿಂಕುಗಳಿಗೆ ಒಂದು ಬುಟ್ಟಿ, ಅದರ ಮೇಲೆ "ಕನಿಷ್ಠ ಒಂದಾದರೂ ಲಿಂಕಿನ ಹೆಸರು ಇರಬೇಕು" ಎಂಬ ನಿಯಮ. ಫೈಲಿನಲ್ಲಿ ಬದಲಿ ಲಿಂಕಿನ ಸುದ್ದಿಯೇ ಇಲ್ಲ. ಒಂದು ಪೆಟ್ಟಿಗೆ ಒಪ್ಪಿತು, ಇನ್ನೊಂದು ಒಪ್ಪಲಿಲ್ಲ. ಒಪ್ಪಿದವರ ವಾದ: ಬುಟ್ಟಿಯೇ ಇಲ್ಲ, ನಿಯಮ ಯಾರಿಗೆ ಅನ್ವಯ? ಒಪ್ಪದವರ ವಾದ: ಆ ಬುಟ್ಟಿ ಯಾವಾಗಲೂ ಇದೆ ಅಂತಲೇ ಲೆಕ್ಕ, ಒಳಗೆ ಏನೂ ಇಲ್ಲ, ಆದ್ದರಿಂದ ನಿಯಮ ಮುರಿದಿದೆ. ಇಬ್ಬರೂ 6020ರ ಪುಟ ತೆರೆದು ತೋರಿಸಿದರು. ಇಬ್ಬರ ಬೆರಳೂ ಸರಿಯಾದ ಸಾಲಿನ ಮೇಲೇ ಇತ್ತು.

ಇದು ಬರೀ ಎಂಜಿನಿಯರುಗಳ ಕೂದಲು ಸೀಳುವ ಜಗಳ ಅಂದುಕೊಳ್ಳಬೇಡಿ. ಬದಲಿ ಲಿಂಕ್ ಕಡ್ಡಾಯ ಅಂತ ಬರೆದವರು ಸುಮ್ಮನೆ ಬರೆದಿರೋದಿಲ್ಲ. ಮಳೆಗಾಲದಲ್ಲಿ ಮರ ಬಿದ್ದು ಕೇಬಲ್ ಹರಿದರೆ ಇನ್ನೊಂದು ದಾರಿ ಇರಲಿ ಅಂತ ಬರೆದಿರುತ್ತಾರೆ. ನಿಯಮ ಇದೆ ಅಂತ ಕಾಗದ ಹೇಳುತ್ತದೆ, ಪೆಟ್ಟಿಗೆ ಅದನ್ನು ನೋಡಲೇ ಇಲ್ಲ. ಕೇಬಲ್ ಹರಿದ ದಿನವೇ ಗೊತ್ತಾಗೋದು. ಘಟ್ಟದ ಮೇಲೆ ಮಳೆಗಾಲ ಕಳೆದವರಿಗೆ ಆ ದಿನ ಹೇಗಿರುತ್ತೆ ಅಂತ ನಾನು ಹೇಳಬೇಕಾಗಿಲ್ಲ.

"ವೆನ್" ವಿಷಯದಲ್ಲಿ ಇನ್ನೊಂದು ಗಂಟು. 6020ರ ಪ್ರಕಾರ ಒಂದು ಎಲೆಯ ಮೇಲಿನ "ವೆನ್" ಷರತ್ತನ್ನು ಆ ಎಲೆಯ ಮೇಲೇ ನಿಂತು ಓದಬೇಕು. ಇಲ್ಲಿಂದ ಒಂದು ಮೆಟ್ಟಿಲು ಮೇಲೆ ಹೋಗಿ ಪಕ್ಕದ ಎಲೆ ನೋಡು, ಹೀಗೆ. ಆದರೆ ಎಲೆ ಅಲ್ಲಿ ಇರಬಹುದೋ ಇಲ್ಲವೋ ಅಂತ ತೀರ್ಮಾನ ಮಾಡಬೇಕಾದ್ದೇ ಆ ಷರತ್ತು. ಇನ್ನೂ ಹುಟ್ಟದ ಎಲೆಯ ಮೇಲೆ ನಿಲ್ಲೋದು ಹೇಗೆ? ತೋಟ ಮಾಡಬಹುದಾ ಅಂತ ನೋಡೋಕೆ ಆ ತೋಟದ ಕಾಲುಸಂಕದ ಮೇಲೇ ನಿಂತು ನೋಡು ಅಂದ ಹಾಗಾಯ್ತು.

ಈ ಎಲ್ಲ ಗಂಟುಗಳನ್ನು ಬಿಚ್ಚಲು ಸುಮಾರು ಆರು ವರ್ಷ ಹಿಡಿಯಿತು. 2016ರ ಆಗಸ್ಟ್‌ನಲ್ಲಿ ಯಾಂಗ್ 1.1 ಬಂತು, ಆರ್‌ಎಫ್‌ಸಿ 7950. ಇದಕ್ಕೂ ಬ್ಯೋರ್ಕ್ಲುಂಡ್ ಅವರೇ ಸಂಪಾದಕರು. ಬದಲಾವಣೆಗಳ ಪಟ್ಟಿಯಲ್ಲಿ ಹೊಸ ಹೊಸ ಸೌಕರ್ಯಗಳ ನಡುವೆ ಒಂದು ಸಾದಾ ಸಾಲು ಇದೆ: ಎಕ್ಸ್‌ಪಾತ್ ನೋಡುವ ಮರ ಯಾವುದು ಎಂಬುದನ್ನು ಸ್ಪಷ್ಟ ಮಾಡಲಾಗಿದೆ ಅಂತ. ಯಾರೂ ಸಮಾರಂಭ ಮಾಡದ ಸಾಲು. ನನ್ನ ಪ್ರಕಾರ ಆ ಪಟ್ಟಿಯಲ್ಲಿ ಅತಿ ಬೆಲೆಬಾಳುವ ಸಾಲುಗಳಲ್ಲಿ ಅದೂ ಒಂದು.

ಏನು ಸ್ಪಷ್ಟ ಮಾಡಿದರು? ಮೊದಲು, ಬುಟ್ಟಿಯ ಪ್ರಶ್ನೆ. ಷರತ್ತು ಓದುವಾಗ ನೋಡುವ ಮರದಲ್ಲಿ, ತಾಯಿ ಗೆಣ್ಣು ಇದ್ದರೆ ಅದರ ಕೆಳಗಿನ ಜೋಡಣೆಯ ಬುಟ್ಟಿಯೂ ಇದೆ ಎಂದೇ ಲೆಕ್ಕ. ಪೆಟ್ಟಿಗೆ ಅದನ್ನು ಒಳಗೆ ಬಿಸಾಡಿದೆಯೋ ಇಟ್ಟುಕೊಂಡಿದೆಯೋ ಸಂಬಂಧ ಇಲ್ಲ. ಜಾರಿಯಲ್ಲಿರುವ ಡಿಫಾಲ್ಟ್ ಬೆಲೆಗಳೂ ಆ ಮರದಲ್ಲಿ ಇವೆ ಎಂದೇ ಲೆಕ್ಕ. ನನ್ನ ಕಥೆಯ ಎರಡು ಪೆಟ್ಟಿಗೆಗಳಲ್ಲಿ ಒಪ್ಪದೇ ಇದ್ದದ್ದು ಸರಿ ಅಂತ ಈಗ ಬೆರಳಿಟ್ಟು ಹೇಳಬಹುದು.

ಎರಡನೆಯದು, ಹುಟ್ಟದ ಎಲೆಯ ಪ್ರಶ್ನೆ. ಉತ್ತರ ಸರಳ, ಆದರೆ ಜಾಣತನದ್ದು. "ವೆನ್" ಓದುವಷ್ಟು ಹೊತ್ತು ಮಾತ್ರ ಎಲೆಯ ಜಾಗದಲ್ಲಿ ಅದೇ ಹೆಸರಿನ ಒಂದು ಡಮ್ಮಿ ಗೆಣ್ಣು ಇಡು. ಅದಕ್ಕೆ ಬೆಲೆ ಇಲ್ಲ, ಮಕ್ಕಳಿಲ್ಲ. ನಿಜವಾದ ಎಲೆ ಮೊದಲೇ ಇದ್ದರೂ ಅದರ ಬದಲಿಗೆ ಡಮ್ಮಿಯನ್ನೇ ಇಟ್ಟು ಓದು. ಹೀಗಾಗಿ ಎಲೆಯ ಅಸ್ತಿತ್ವ ಅದರದೇ ಬೆಲೆಯ ಮೇಲೆ ನಿಲ್ಲೋದು ಸಾಧ್ಯವೇ ಇಲ್ಲ. ಒಂದು "ವೆನ್" ಇನ್ನೊಂದು "ವೆನ್" ಇರುವ ಗೆಣ್ಣನ್ನು ನೋಡುತ್ತಿದ್ದರೆ ಆ ಇನ್ನೊಂದನ್ನು ಮೊದಲು ತೀರ್ಮಾನಿಸು, ಸುತ್ತು ಬಳಸಿ ಒಂದಕ್ಕೊಂದು ಗಂಟು ಬೀಳೋ ಹಾಗೆ ಬರೆಯಲೇಬಾರದು ಎಂದೂ ಬರೆದರು. ಹಾಗೆಯೇ ಪಟ್ಟಿಯ ಕೀಲಿ ಎಲೆಗೆ "ವೆನ್" ಹಾಕುವುದನ್ನು ನಿಷೇಧಿಸಿದರು. ಪಹಣಿಯಲ್ಲಿ ಸರ್ವೆ ನಂಬರೇ ಷರತ್ತಿನ ಮೇಲೆ ಇದ್ದರೆ ಜಮೀನು ಹುಡುಕೋದು ಹೇಗೆ ಹೇಳಿ?

ಮೂರನೆಯದು, ಯಾವ ಪುಸ್ತಕ. ಕಾನ್ಫಿಗರೇಶನ್ ಮೇಲಿನ ನಿಯಮ ಆ ಕಾನ್ಫಿಗರೇಶನ್ ಇರುವ ಭಂಡಾರವನ್ನು ಮಾತ್ರ ನೋಡಬಹುದು. ಪೆಟ್ಟಿಗೆಯ ಈಗಿನ ಸ್ಥಿತಿಯನ್ನು ನೋಡುವ ಹಾಗಿಲ್ಲ. ಸ್ಥಿತಿಯ ಮೇಲಿನ ನಿಯಮ ಮಾತ್ರ ಸ್ಥಿತಿಯನ್ನೂ, ಜಾರಿಯಲ್ಲಿರುವ ಕಾನ್ಫಿಗರೇಶನ್ನನ್ನೂ ಎರಡನ್ನೂ ನೋಡಬಹುದು. ಈ ಒಂದು ದಿಕ್ಕಿನ ದಾರಿ ಯಾಕೆ ಅಂತ ಕೇಳಿದರೆ ಕಾರಣ ಗಟ್ಟಿಯಾಗಿದೆ. "ರನ್ನಿಂಗ್", ಅಂದರೆ ಜಾರಿಯಲ್ಲಿರುವ ಭಂಡಾರ ಯಾವಾಗಲೂ ನಿಯಮಬದ್ಧವಾಗಿಯೇ ಇರಬೇಕು ಅನ್ನೋದು ಯಾಂಗಿನ ಕಟ್ಟುನಿಟ್ಟು. ಕಾನ್ಫಿಗರೇಶನ್ನಿನ ನಿಯಮ ಕೇಬಲ್ಲಿನ ಸ್ಥಿತಿಯನ್ನು ನೋಡುವಂತಿದ್ದರೆ, ದನ ಬಂದು ಕೇಬಲ್ ಎಳೆದ ಕ್ಷಣ, ಯಾರೂ ಏನೂ ಬದಲಾಯಿಸದೇ ಇದ್ದರೂ, ನಿನ್ನೆ ಸರಿಯಿದ್ದ ಕಾನ್ಫಿಗರೇಶನ್ ಇವತ್ತು ತಪ್ಪಾಗಿಬಿಡುತ್ತದೆ. ಮಳೆ ಬರಲಿಲ್ಲ ಅಂತ ಪಹಣಿ ರದ್ದಾದ ಹಾಗೆ.

ನಾಲ್ಕನೆಯದು, ಯಾವ ಹೊತ್ತು. ನೆಟ್‌ಕಾನ್ಫ್ ಮೂಲಕ ಬದಲಾವಣೆ ಬಂದಾಗ ಪರೀಕ್ಷೆ ಮೂರು ಹಂತದಲ್ಲಿ. ಬಂದ ಕಾಗದ ಓದುವಾಗಲೇ ಕೆಲವು: ಸಂಖ್ಯೆ ಇರಬೇಕಾದಲ್ಲಿ ಅಕ್ಷರ ಇದ್ದರೆ ಅಲ್ಲೇ ವಾಪಸ್. ಬದಲಾವಣೆಯನ್ನು ಹಚ್ಚುವಾಗ ಕೆಲವು. ಉಳಿದವು, "ಮಸ್ಟ್" ಸೇರಿ, ಕೊನೆಗೆ ಇಡೀ ಭಂಡಾರದ ಮೌಲ್ಯಮಾಪನ ಮಾಡುವಾಗ. "ಕ್ಯಾಂಡಿಡೇಟ್" ಎಂಬ ಕರಡು ಭಂಡಾರ ಬಳಸುತ್ತಿದ್ದರೆ ಅದು ಅರೆಬರೆ ಇದ್ದರೂ ನಡೆಯುತ್ತದೆ, "ಕಮಿಟ್" ಅಂದಾಗ ಸರಿಯಿದ್ದರೆ ಸಾಕು. ಇದೂ ನಮಗೆ ಹೊಸದಲ್ಲ. ಪಾಲುಪತ್ರದ ಕರಡಿನಲ್ಲಿ ನಾಲ್ಕು ಸಲ ಹೊಡೆದು ತಿದ್ದಬಹುದು, ನೋಂದಣಿ ಕಚೇರಿಯ ಮೇಜಿನ ಮೇಲೆ ಇಟ್ಟಾಗ ಎಲ್ಲ ಅಂಕಿ ತಾಳೆ ಆಗಬೇಕು.

ಎರಡೂ ಪದಗಳ ನಡುವೆ ಅಪಾಯದ ವ್ಯತ್ಯಾಸ ಒಂದಿದೆ, ಅದನ್ನು ಹೇಳಿಯೇ ಮುಂದೆ ಹೋಗುತ್ತೇನೆ. ನಿಮ್ಮ ಬದಲಾವಣೆಯಿಂದ ಒಂದು "ಮಸ್ಟ್" ಸುಳ್ಳಾದರೆ ಪೆಟ್ಟಿಗೆ ಬದಲಾವಣೆಯನ್ನೇ ನಿರಾಕರಿಸುತ್ತದೆ, ಹಳೆಯದು ಹಾಗೇ ಉಳಿಯುತ್ತದೆ. ಆದರೆ ನಿಮ್ಮ ಬದಲಾವಣೆಯಿಂದ ಬೇರೆ ಎಲ್ಲೋ ಇರುವ ಗೆಣ್ಣಿನ "ವೆನ್" ಸುಳ್ಳಾದರೆ ಪೆಟ್ಟಿಗೆ ಆ ಗೆಣ್ಣನ್ನು ತಾನಾಗಿಯೇ ಅಳಿಸಿಹಾಕುತ್ತದೆ. ತಪ್ಪು ಸಂದೇಶ ಇಲ್ಲ, ಗದ್ದಲ ಇಲ್ಲ. ಯಾಂಗ್ ಲೆಕ್ಕದಲ್ಲಿ ಹೇಳುವುದಾದರೆ, 9 ಎಕರೆ ಮೀರಿದರೆ ಅರ್ಜಿ ತಿರಸ್ಕಾರ, ತೋಟ ಹೋದರೆ ಬೆಟ್ಟವೂ ಸದ್ದಿಲ್ಲದೆ ಹೋಯಿತು. ಮಾದರಿ ಬರೆಯುವವರು ಎರಡರಲ್ಲಿ ಒಂದನ್ನು ಆರಿಸುವಾಗ ಈ ಫಲ ಕಣ್ಣ ಮುಂದೆ ಇರಬೇಕು.

ಇನ್ನು ರೆಸ್ಟನ್ ಸಭೆಯ ಬೇಡಿಕೆ. ಹೇಳಿದ್ದು ಬೇರೆ, ನಡೆಯುತ್ತಿರೋದು ಬೇರೆ ಅಂತ ಬೇರ್ಪಡಿಸಿ ಅಂದಿದ್ದರಲ್ಲ. ಅದು ಪೂರ್ತಿಯಾಗಿ ಈಡೇರಿದ್ದು 2018ರ ಮಾರ್ಚ್‌ನಲ್ಲಿ, ಆರ್‌ಎಫ್‌ಸಿ 8342 ಮೂಲಕ. ಅದು ಭಂಡಾರಗಳನ್ನು ಹೊಸದಾಗಿ ಜೋಡಿಸಿತು. ನಾವು ಬರೆದದ್ದು "ರನ್ನಿಂಗ್". ಅದರಲ್ಲಿ ಟೆಂಪ್ಲೇಟ್, ತಾತ್ಕಾಲಿಕವಾಗಿ ನಿಲ್ಲಿಸಿಟ್ಟ ಭಾಗ ಇಂಥವು ಇದ್ದರೆ ಅವನ್ನೆಲ್ಲ ಬಿಡಿಸಿ ಓದಿದ್ದು "ಇಂಟೆಂಡೆಡ್". ನಿಜವಾಗಿ ಈಗ ಪೆಟ್ಟಿಗೆಯಲ್ಲಿ ನಡೆಯುತ್ತಿರುವುದು "ಆಪರೇಷನಲ್". ನಿಯಮದ ಪರೀಕ್ಷೆ ನಡೆಯುವುದು ಬಿಡಿಸಿ ಓದಿದ ಇಂಟೆಂಡೆಡ್ ಮೇಲೆ.

ಆಪರೇಷನಲ್ ಬಗ್ಗೆ ಆ ದಸ್ತಾವೇಜು ಹೇಳಿದ ಮಾತು ನನಗೆ ಬಹಳ ಹಿಡಿಸಿತು. ಅಲ್ಲಿರುವುದು ನಿಯಮಕ್ಕೆ ಹೊಂದಿಕೊಂಡಿದ್ದರೆ ಒಳ್ಳೆಯದು, ಆದರೆ ಕೆಲವೊಮ್ಮೆ ನಿಯಮ ಮುರಿದಿರಬಹುದು. ಪಟ್ಟಿಯೊಂದನ್ನು ಆಗಷ್ಟೇ ಬದಲಾಯಿಸುತ್ತಿರಬಹುದು, ತೆಗೆದುಹಾಕಿದ ಕಾನ್ಫಿಗರೇಶನ್ನಿನ ಪಳೆಯುಳಿಕೆ ಇನ್ನೂ ಉಳಿದಿರಬಹುದು, ವಿಚಿತ್ರ ಬೆಲೆಯೊಂದು ನಿಜಕ್ಕೂ ಬಳಕೆಯಲ್ಲಿರಬಹುದು. ಆಗ ಪೆಟ್ಟಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಅಕ್ಷರ-ಸಂಖ್ಯೆಯ ರೂಪ ಮಾತ್ರ ಕೆಡಬಾರದು. ಅಂದರೆ ನಿಯಮಕ್ಕೆ ಒಗ್ಗಿಸಲು ವಾಸ್ತವವನ್ನು ಮುಚ್ಚಿಡಬೇಡ ಅಂತ ನಿಯಮ ಬರೆಯುವವರೇ ಬರೆದರು. ಎಷ್ಟು ಕಚೇರಿಗಳ ದಾಖಲೆ ಪುಸ್ತಕಕ್ಕೆ ಈ ಮಾತು ಹೇಳಬಹುದು ಯೋಚಿಸಿ.

ಇಷ್ಟೆಲ್ಲ ಯಾರಿಗಾಗಿ? ಇವತ್ತು ಯಾಂಗ್ ದೊಡ್ಡ ದೊಡ್ಡ ಡೇಟಾ ಸೆಂಟರಿನ ಸ್ವಿಚ್ಚಿನಲ್ಲಷ್ಟೇ ಇಲ್ಲ. ಮನೆಮನೆಗೆ ಫೈಬರ್ ತಲುಪಿಸುವ ಪಾನ್ ಜಾಲಕ್ಕೂ ಬ್ರಾಡ್‌ಬ್ಯಾಂಡ್ ಫೋರಂ ಟಿಆರ್-385 ಎಂಬ ಹೆಸರಿನಲ್ಲಿ ಯಾಂಗ್ ಮಾದರಿಗಳನ್ನು ಪ್ರಕಟಿಸಿದೆ. ನಮ್ಮ ದೇಶದಲ್ಲಿ 2011ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಪಡೆದು, ಮುಂದೆ ಭಾರತ್‌ನೆಟ್ ಎಂದು ಹೆಸರಾದ ಯೋಜನೆಯ ಗುರಿ ಸುಮಾರು 2.5 ಲಕ್ಷ ಗ್ರಾಮ ಪಂಚಾಯತಿಗಳಿಗೆ ಫೈಬರ್ ಮುಟ್ಟಿಸೋದು. ಅಷ್ಟು ಪೆಟ್ಟಿಗೆಗಳ ಹತ್ತಿರ ಒಬ್ಬೊಬ್ಬ ಎಂಜಿನಿಯರ್ ಕೂರೋದಕ್ಕೆ ಆಗೋದಿಲ್ಲ. ಇಂಥ ಜಾಲಗಳಲ್ಲಿ ಮನುಷ್ಯರು ಇರಬೇಕಾದ ಕಡೆ ನಿಯಮಗಳೇ ಕಾವಲು. ಆ ಕಾವಲಿನ ಕೋಡನ್ನು ಬೆಂಗಳೂರಿನಲ್ಲಿ ಕೂತು ಬರೆಯುವವರು ಸಾವಿರಾರು ಮಂದಿ ಇದ್ದಾರೆ, ಬಹಳಷ್ಟು ಜನ ನನ್ನ ಹಾಗೇ ಹಳ್ಳಿಗಳಿಂದ ಬಂದವರು. ಸ್ವೀಡನ್ನಿನಲ್ಲೋ ಜರ್ಮನಿಯಲ್ಲೋ ಕೂತವರು ಬರೆದ ಒಂದು ಸಾಲನ್ನು ನಾವು ಇಲ್ಲಿ ಓದಿ ಅದೇ ಅರ್ಥ ಮಾಡಿಕೊಂಡರೆ ಮಾತ್ರ ಆ ಕಾವಲಿಗೆ ಬೆಲೆ.

ಹೊಸದಾಗಿ ಈ ಕೆಲಸಕ್ಕೆ ಬಂದ ಹುಡುಗ ಹುಡುಗಿಯರಿಗೆ ನಾನು ಹೇಳೋದು ಇಷ್ಟೇ. 7950ರ 6.4.1ನೇ ಭಾಗ ಮತ್ತು 8ನೇ ಅಧ್ಯಾಯ ಕೂತು ಓದಿ, ಹೆಚ್ಚು ಪುಟಗಳೇನಿಲ್ಲ. ಆಮೇಲೆ 8342 ಓದಿ. ನಂತರ ನೀವು ಬರೆಯುವ ಪ್ರತಿ ನಿಯಮಕ್ಕೂ ಮೂರು ಪ್ರಶ್ನೆ ಹಾಕಿ: ಯಾವ ಪುಸ್ತಕ ನೋಡುತ್ತದೆ, ಯಾವ ಹೊತ್ತಿನಲ್ಲಿ ನೋಡುತ್ತದೆ, ನೋಡಬೇಕಾದ್ದು ಅಲ್ಲಿ ಇಲ್ಲದಿದ್ದರೆ ಏನು ಹೇಳುತ್ತದೆ? ಮೂರನೆಯದನ್ನು ಖಾಲಿ ಕೊಟ್ಟಿಗೆಯಲ್ಲಿ ಪರೀಕ್ಷೆ ಮಾಡಿಯೇ ಬಿಡಿ. ಹಸು ಇದ್ದಾಗ ಸರಿ ಉತ್ತರ ಕೊಡೋ ನಿಯಮ ಯಾರು ಬೇಕಾದರೂ ಬರೆಯುತ್ತಾರೆ.